ಕೆಂಪುಕಲ್ಲಿನ ಗಾಡಿ, ಮೊಟ್ಟೆಯ ಬಾಡಿಗೆ

ಹದಿನೆಂಟು ವರ್ಷ ಕೆಂಪುಕಲ್ಲು ಹೊತ್ತ ಗಾಡಿ.
ಪುತ್ತಿಗೆಯ ಕೋರೆಗೆ ಇಳಿಯುವಾಗ
ಹೊಟ್ಟೆ ನೆಲಕ್ಕೆ ಉಜ್ಜಬಾರದೆಂದು
ನಾನೇ ಎತ್ತರಿಸಿದ್ದು:
ಹಿಂದಕ್ಕೆ ಮೂರು ಪ್ಲೇಟು ಹೆಚ್ಚಿಗೆ,
ಅದರಡಿ ಕಬ್ಬಿಣದ ಒಂದು ಗಟ್ಟಿ.

ಕಲ್ಲು ತುಂಬಿದರೆ ಗಂಭೀರ,
ಹೆಣ್ಣು ನೋಡಲು ಹೊರಟ ಸೋದರಮಾವ.
ಖಾಲಿಯಾದರೆ ಹಗ್ಗ ಹರಿದ ಕರು.
ನೀರ್ಚಾಲಿನ ಹಂಪಿನಲ್ಲಿ
ನನ್ನ ನೆತ್ತಿಯ ಅಚ್ಚು ಈಗಲೂ ಇದೆ
ಟಾಪಿನ ತಗಡಿನಲ್ಲಿ.

ಕೋರೆಯ ಪರ್ಮಿಟ್ಟು ಮುಗಿಯಿತು.
ಹೊಂಡದಲ್ಲಿ ನೀರು ನಿಂತಿತು, ಮಕ್ಕಳು ಈಜಿದರು.
ಆಗ ಬಂದದ್ದು ಪೆರ್ಲದ ಗುಲಾಬಿ:
"ವಾರಕ್ಕೆರಡು ಸಲ, ಐತಪ್ಪಣ್ಣ, ಕುಂಬಳೆಗೆ.
ನಲವತ್ತು ಟ್ರೇ. ನಮ್ಮ ಸಂಘದ ಮೊಟ್ಟೆ."
ನಗು ಬಂತು.
ಕಲ್ಲು ಹೊತ್ತವನಿಗೆ ಮೊಟ್ಟೆ ಒಂದು ಭಾರವಾ?

ಕುಂಬಳೆಯಲ್ಲಿ ಬೀಪಾತು ಟಾರ್ಪಾಲು ಎತ್ತಿದಳು.
ಹಿಂಬಾಗಿಲ ಸಂದಿನಿಂದ ಹಳದಿ
ನಿಧಾನವಾಗಿ ರಸ್ತೆಗಿಳಿಯುತ್ತಿತ್ತು.
ಬೈಯಲಿಲ್ಲ. ಎಣಿಸಿದಳು.
ಮಲಯಾಳದಲ್ಲಿ ಎಣಿಸಿದಳು, ನನಗೆ ತಿಳಿಯದಿರಲಿ ಎಂದೋ ಏನೋ.
ಈ ಊರಲ್ಲಿ ನಷ್ಟ
ಎಲ್ಲ ಭಾಷೆಯಲ್ಲೂ ಅರ್ಥವಾಗುತ್ತದೆ:
ಇನ್ನೂರ ಹನ್ನೊಂದು.

ಸೀತಾಂಗೋಳಿಯ ಅಂದುಂಞಿ
ಗೋಣಿ ಹಾಸಿ ಅಡಿಗೆ ನುಗ್ಗಿದ.
ಬಹಳ ಹೊತ್ತು ಕಾಲು ಮಾತ್ರ ಕಾಣುತ್ತಿತ್ತು.
"ಮೊದಲು ಗಾಳಿ ಇಳಿಸು ಮಾರಾಯ,
ಕಲ್ಲಿಗೆ ತುಂಬಿದ ಗಾಳಿ ಮೊಟ್ಟೆಗೆ ಎಂತಕ್ಕೆ?
ಗಾಡಿ ಎತ್ತಿದೆ, ಶಾಕು ಹಳೆಯ ಗಿಡ್ಡದ್ದೇ ಬಿಟ್ಟೆ.
ನೋಡು, ನಿಂತಲ್ಲೇ ಪೂರ್ತಿ ಚಾಚಿದೆ.
ಚಾಚಿ ಮುಗಿದ ಕೈ
ಬೀಳುವ ಮಗುವನ್ನು ಹಿಡಿಯುತ್ತದಾ?"

ಪ್ಲೇಟುಗಳು ತುಕ್ಕು ಹಿಡಿದು ಒಂದೇ ಕಬ್ಬಿಣವಾಗಿದ್ದವು,
ಮಾತು ಬಿಟ್ಟೂ ಪಾಲಾಗದ ಅಣ್ಣತಮ್ಮಂದಿರ ಹಾಗೆ.
ಜಾರಬೇಕಾದದ್ದು ಜಾರುತ್ತಿರಲಿಲ್ಲ.
ಉಳಿ ಬಡಿದು ಬಿಡಿಸಿದ, ಉಜ್ಜಿದ, ಗ್ರೀಸು ಬಳಿದ.
ಎರಡು ಬಿಚ್ಚಿ ಹೊರಗೆಸೆದ.
ಮೂರನೆಯದಕ್ಕೆ ಕೈಯಿಟ್ಟಾಗ ತಡೆದೆ:
ಅದೊಂದು ಇರಲಿ. ಮತ್ತೆ ಕಲ್ಲು ಸಿಕ್ಕಿದರೆ?
ಅವನು ನನ್ನನ್ನು ನೋಡಿದ, ಬೀಡಿ ಹೊತ್ತಿಸಿದ,
ಬಿಟ್ಟ.

ಉದ್ದದ ಶಾಕು ಮಂಗಳೂರಿನಿಂದ ಬಂತು.
ಅರವತ್ತನಾಲ್ಕು.
ಬುಷ್ಷು ಎಂದು ಒಂದಿತ್ತಂತೆ, ತೆಗೆದರೆ
ಜಗಿದುಗಿದ ಅಡಕೆಯಂಥ ಕರಿಹುಡಿ. ಹೊಸದು ಹಾಕಿದೆವು.
ಹತ್ತೊಂಬತ್ತು.
ಆಮೇಲೆ ಎಷ್ಟು ತಿರುಪಿದರೂ ಹತ್ತೊಂಬತ್ತೇ.
"ಇನ್ನು ಗಾಡಿಯದ್ದಲ್ಲ," ಅಂದುಂಞಿ ಅಂದ, ಕೈ ಒರೆಸಿಕೊಳ್ಳುತ್ತ,
"ನಿನ್ನ ಕಾಲಿನದ್ದು."

ಬಿಚ್ಚಿದ ಪ್ಲೇಟಿನಲ್ಲೊಂದನ್ನು ಲಲಿತೆ
ಆಚಾರಿಗೆ ಕೊಟ್ಟು ಕತ್ತಿ ಮಾಡಿಸಿದಳು.
ಹಲಸು ಕೊಯ್ಯುವಾಗ ನೋಡುತ್ತೇನೆ:
ಹದಿನೆಂಟು ವರ್ಷ ಬಾಗಿದ್ದು
ಎಷ್ಟು ನೇರ ಇಳಿಯುತ್ತದೆ.
ಇನ್ನೊಂದು ಕೋಳಿಗೂಡಿನ ಬಾಗಿಲಿಗೆ ಅಡ್ಡ.

ಬದಿಯಡ್ಕ ದಾಟಿದರೆ ಈಗ ಎರಡನೇ ಗೇರು.
ಹೊಂಡವನ್ನು ದೂರದಿಂದಲೇ ಕಾಣುತ್ತೇನೆ,
ಮುಂಗೋಪಿ ಭಾವನನ್ನು ಪೇಟೆಯಲ್ಲಿ ಕಂಡ ಹಾಗೆ;
ಒಂದು ಚಕ್ರ ಮೊದಲು, ಆಮೇಲೆ ಇನ್ನೊಂದು.
ಹಿಂದೆ ಟ್ರೇಗಳ ಸಣ್ಣ ಸದ್ದು,
ಯಾರೋ ಸೇರಿನಲ್ಲಿ ಅಕ್ಕಿ ಕುಲುಕಿ ಕೂರಿಸಿದಂತೆ.
ಒಂದು ದಿನ ನೀರ್ಚಾಲಿನಲ್ಲಿ
ದವಡೆಯಲ್ಲೇನೋ ಸಡಿಲಾಯಿತು.
ಇಷ್ಟು ವರ್ಷ ಹಲ್ಲು ಕಚ್ಚಿಯೇ ಓಡಿಸುತ್ತಿದ್ದೆನೆಂದು
ಬಿಟ್ಟ ಮೇಲೆ ತಿಳಿಯಿತು.

ಬೀಪಾತು ಟಾರ್ಪಾಲು ಎತ್ತಿ, ಬಗ್ಗಿ, ಎದ್ದು,
"ನಾಲ್" ಎಂದಳು.
ತುಳುವೋ ಮಲಯಾಳವೋ ಕೇಳಲಿಲ್ಲ.
ಒಳಗೆ ಕಾವಲಿ ಕಾದಿತ್ತು, ನೀರುಳ್ಳಿ ಹೆಚ್ಚಿಟ್ಟಿದ್ದಳು.
"ಎಲ್ಲಾ ಸಾಬೀತು ತಂದರೆ
ನೀ ತಿನ್ನುವುದೆಂತ, ಕೂರು."